ಬೆರಳು ಆಡದವರು ಒಂದೇ ಸ್ವಿಚ್‌ನಿಂದ ಆಂಡ್ರಾಯ್ಡ್ ಫೋನ್ ಬಳಸಬಹುದೇ?

ಕತ್ತಿನ ಸಿ4 (ನಾಲ್ಕನೇ ಕಶೇರು) ಮಟ್ಟದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ, ತಲೆಯನ್ನಷ್ಟೇ ತಿರುಗಿಸಬಲ್ಲ ನಿಮ್ಮ ಅಣ್ಣ ಸ್ವಂತವಾಗಿ ಫೋನ್ ಬಳಸಲು ಸಾಧ್ಯವೇ ಎಂದು ಕೇಳಿದ್ದೀರಿ. ಖಂಡಿತ ಸಾಧ್ಯ. ಏನನ್ನಾದರೂ ಕೊಳ್ಳುವ ಮೊದಲು ಅವರ ಯಾವ ಚಲನೆಯನ್ನು ನೆಚ್ಚಬಹುದು ಎಂದು ನೋಡಿ. ತಲೆಯನ್ನು ಪಕ್ಕಕ್ಕೆ ವಾಲಿಸುವುದೋ, ಸಾಧ್ಯವಾದರೆ ಭುಜ ಎತ್ತುವುದೋ, ಅರ್ಧ ಗಂಟೆ ಮಾಡಿದರೂ ದಣಿಯಬಾರದು. ಆ ಚಲನೆಯಿಂದ ಸ್ವಿಚ್ ಒತ್ತಿದಷ್ಟೇ ಸಲೀಸಾಗಿ ಬಿಡಲೂ ಆಗಬೇಕು. ಇದನ್ನು ಬಹಳ ಜನ ಗಮನಿಸುವುದೇ ಇಲ್ಲ.

ಪ್ಲೇ ಸ್ಟೋರ್‌ನಿಂದ ಗೂಗಲ್‌ನ ಸ್ವಿಚ್ ಆಕ್ಸೆಸ್ ಹಾಕಿಕೊಳ್ಳಿ, ಪರದೆ ಮುಟ್ಟದೆ ಸ್ವಿಚ್‌ನಿಂದಲೇ ಫೋನ್ ನಡೆಸುವ ಆ್ಯಪ್ ಇದು, ದುಡ್ಡು ಕೊಡಬೇಕಿಲ್ಲ. ಅದರಲ್ಲಿರುವ ಕ್ಯಾಮೆರಾ ಸ್ವಿಚ್ ಹುಬ್ಬೇರಿಸುವುದನ್ನೂ ಬಾಯಿ ತೆರೆಯುವುದನ್ನೂ ಗುರುತಿಸುತ್ತದೆ. ಮೊದಲು ಅದನ್ನೇ ಪರೀಕ್ಷಿಸಿ. ಆದರೆ ಬೆಳಕು ಕಡಿಮೆಯಾದರೆ ತಪ್ಪುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ. ದಿನವಿಡೀ ಬಳಸಲು ನನ್ನ ಆಯ್ಕೆ ನಿಜವಾದ ಗುಂಡಿಯೇ.

ಬೇಕಾದದ್ದು ಮೂರು: 3.5 ಮಿ.ಮೀ. ಮೋನೊ ಜ್ಯಾಕ್ ಇರುವ ಸ್ವಿಚ್, ಒತ್ತಿದ್ದನ್ನು ಕೀಬೋರ್ಡ್ ಕೀ ಆಗಿ ಕಳಿಸುವ ಇಂಟರ್‌ಫೇಸ್, ಯುಎಸ್‌ಬಿ ಸಾಧನವನ್ನು ಫೋನ್‌ಗೆ ಜೋಡಿಸುವ ಒಟಿಜಿ ಕೇಬಲ್. ಇಂಟರ್‌ಫೇಸ್ ದುಬಾರಿ ಎನಿಸಿದರೆ ಹಳೆಯ ಯುಎಸ್‌ಬಿ ಕೀಬೋರ್ಡ್ ಬಿಚ್ಚಿ, ಅದರ ಬೋರ್ಡ್‌ನಲ್ಲಿ ಎಂಟರ್ ಕೀಗೆ ಸೇರಿದ ಎರಡು ತುದಿಗಳಿಗೆ ಜ್ಯಾಕ್‌ನ ವೈರ್ ಬೆಸುಗೆ ಹಾಕಿದರೆ ಸಾಕು. ಮೌಸ್ ಬಿಚ್ಚಬೇಡಿ: ಸ್ವಿಚ್ ಆಕ್ಸೆಸ್‌ಗೆ ಬೇಕಾದದ್ದು ಕೀ ಸಂಕೇತ, ಕ್ಲಿಕ್ ಅಲ್ಲ.

ಒಂದೇ ಸ್ವಿಚ್ ಆದ್ದರಿಂದ ಆಟೊ ಸ್ಕ್ಯಾನ್ ಆರಿಸಿ. ಚೌಕಟ್ಟು ತಾನಾಗಿ ಒಂದೊಂದೇ ಐಟಂ ಮೇಲೆ ಸರಿಯುತ್ತದೆ, ಬೇಕಾದದ್ದರ ಮೇಲೆ ಬಂದಾಗ ಒತ್ತುವುದು. ವೇಗಕ್ಕೊಂದು ಲೆಕ್ಕವಿದೆ: ನೋಡಿ ಒತ್ತಲು ಹಿಡಿಯುವ ಸಮಯವನ್ನು 0.65ರಿಂದ ಭಾಗಿಸಿ. 1.3 ಸೆಕೆಂಡ್ ಬೇಕಾದರೆ ಚೌಕಟ್ಟು ಪ್ರತಿ ಐಟಂ ಮೇಲೆ 2 ಸೆಕೆಂಡ್ ನಿಲ್ಲಬೇಕು. ಸ್ನಾಯು ಸೆಳೆತದಿಂದ ಎರಡೆರಡು ಸಲ ಒತ್ತಿಹೋಗುತ್ತಿದ್ದರೆ ಪುನರಾವರ್ತಿತ ಒತ್ತುವಿಕೆಯನ್ನು ಕಡೆಗಣಿಸುವ ಅವಧಿಯನ್ನು ಹೆಚ್ಚಿಸಿ.

ಸ್ವಿಚ್ ಜೋಡಿಸಿದೊಡನೆ ಟೈಪ್ ಮಾಡುವ ಕೀಬೋರ್ಡ್ ಮಾಯವಾದರೆ ಗಾಬರಿ ಬೇಡ. ಹೊರಗಿನ ಕೀಬೋರ್ಡ್ ಬಂತೆಂದು ಫೋನ್ ತಿಳಿದಿದೆ, ಅಷ್ಟೇ. ಸೆಟ್ಟಿಂಗ್ಸ್‌ನ ಫಿಸಿಕಲ್ ಕೀಬೋರ್ಡ್ ಪುಟದಲ್ಲಿ ಪರದೆಯ ಕೀಬೋರ್ಡ್ ತೋರಿಸುವ ಆಯ್ಕೆ ಆನ್ ಮಾಡಿ. ಕನ್ನಡ ಕೀಬೋರ್ಡ್‌ನಲ್ಲಿ ಕೀಗಳು ಜಾಸ್ತಿ, ಒಂದೊಂದಾಗಿ ಹೋದರೆ ಒಂದು ಪದಕ್ಕೇ ನಿಮಿಷಗಟ್ಟಲೆ ಆಗುತ್ತದೆ. ಮೊದಲು ಸಾಲು, ಆಮೇಲೆ ಆ ಸಾಲಿನ ಕೀ ಆರಿಸುವ ಸಾಲು-ಕಂಬ (ರೋ-ಕಾಲಮ್) ಸ್ಕ್ಯಾನಿಂಗ್ ಹಾಕಿ. ಮಾತು ಸ್ಪಷ್ಟವಿದ್ದರೆ ಗೂಗಲ್‌ನ ಕೀಬೋರ್ಡ್ ಆ್ಯಪ್ ಜಿಬೋರ್ಡ್‌ನ ಕನ್ನಡ ಧ್ವನಿ ಟೈಪಿಂಗ್ ಇನ್ನೂ ಒಳ್ಳೆಯದು, ಮೈಕ್ ಮತ್ತು ಕಳಿಸುವ ಗುಂಡಿಗೆ ಮಾತ್ರ ಸ್ವಿಚ್ ಸಾಕು.

ಇಷ್ಟಾದರೂ ಮತ್ತೆ ಮತ್ತೆ ಕೈಕೊಡುವುದು ಸ್ವಿಚ್ ಇಟ್ಟ ಜಾಗ. ಹಾಸಿಗೆಯಿಂದ ಗಾಲಿಕುರ್ಚಿಗೆ ಬಂದಾಗ ತಲೆ ಇರುವ ಜಾಗ ಬದಲಾಗುತ್ತದೆ. ಎರಡಕ್ಕೂ ಬೇರೆ ಬೇರೆ ಕ್ಲ್ಯಾಂಪ್ ಹಾಕಿ, ಸರಿಯಾದ ಕೋನ ಸಿಕ್ಕ ತಕ್ಷಣ ಅಲ್ಲೊಂದು ಟೇಪ್ ಗುರುತು ಮಾಡಿ. ನೋಡಿಕೊಳ್ಳುವವರು ಬದಲಾದರೂ ಜಾಗ ತಪ್ಪದು.