ಸೋತರೂ ಇಳಿಯದ ರೇಟಿಂಗ್

ಬಳ್ಳಾರಿಯ ತಾಯಿಯೊಬ್ಬರ ಪ್ರಶ್ನೆ: ಅಮೆರಿಕದಲ್ಲಿರುವ ನಮ್ಮ ಅಕ್ಕನ ಮಗನಿಗೆ ಕತ್ತಿವರಸೆಯ ಕ್ರೀಡೆಯಾದ ಫೆನ್ಸಿಂಗ್‌ನ ಫಾಯಿಲ್ ಎಂಬ ಆಯುಧದ ವಿಭಾಗದಲ್ಲಿ ‘ಸಿ’ ರೇಟಿಂಗ್ ಇದೆ. ಈ ವರ್ಷ ಹೋದಲ್ಲೆಲ್ಲ ಸೋತಿದ್ದಾನೆ, ಆದರೂ ರೇಟಿಂಗ್ ಇಳಿದಿಲ್ಲ. ಇದು ಹೇಗೆ?

ಉತ್ತರ: ಚೆಸ್‌ನ ಲೆಕ್ಕವನ್ನೇ ಇಲ್ಲಿಗೂ ಅನ್ವಯಿಸುವುದರಿಂದ ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಿದೆ. ಚೆಸ್‌ನಲ್ಲಿ ಪ್ರತಿ ಸೋಲೂ ಅಂಕವನ್ನು ಕಡಿಮೆ ಮಾಡುತ್ತದೆ. ಅಮೆರಿಕದ ಫೆನ್ಸಿಂಗ್ ಸಂಸ್ಥೆಯು ‘ಎ’ಯಿಂದ ‘ಇ’ವರೆಗೆ ನೀಡುವ ದರ್ಜೆಯಾದರೋ ಯಾವುದೋ ಒಂದು ಪಂದ್ಯಾವಳಿಯಲ್ಲಿ ಪಡೆದ ಸ್ಥಾನಕ್ಕೆ ಸಂದದ್ದು, ಆದ್ದರಿಂದ ಅನಂತರದ ಸೋಲುಗಳು ಅದನ್ನು ಮುಟ್ಟುವುದಿಲ್ಲ. ಅದನ್ನು ಗಳಿಸಿದ ವರ್ಷದೊಂದಿಗೆ ದಾಖಲಿಸುತ್ತಾರೆ. ನಾಲ್ಕು ವರ್ಷಗಳಲ್ಲಿ ಮತ್ತೆ ಗಳಿಸದಿದ್ದರೆ ಒಂದು ದರ್ಜೆ ಇಳಿಯುತ್ತದೆ.

ಯಾವ ಪಂದ್ಯಾವಳಿಯಲ್ಲಿ ಯಾವ ದರ್ಜೆ ಸಿಗಬಹುದೆಂಬುದು ಅಲ್ಲಿಗೆ ಬಂದವರ ಮೇಲೆ ನಿಂತಿದೆ. ಆರೇ ಜನ ಸೇರಿದ ಸಣ್ಣ ಸ್ಪರ್ಧೆಯಲ್ಲಿ ಗೆದ್ದವರಿಗೆ ‘ಇ’ ಮಾತ್ರ ಸಿಗುತ್ತದೆ. ‘ಎ’ ಸಿಗಬೇಕಾದರೆ ಉನ್ನತ ದರ್ಜೆಯವರು ಸಾಕಷ್ಟು ಸಂಖ್ಯೆಯಲ್ಲಿ ಆಡಿರಬೇಕು, ಅವರಲ್ಲಿ ಹಲವರು ಕೊನೆಯ ಸುತ್ತುಗಳವರೆಗೂ ಉಳಿದಿರಬೇಕು. ಬಲಿಷ್ಠರೆಲ್ಲ ಮೊದಲ ಸುತ್ತಿನ ಒಂದೇ ಗುಂಪಿನಲ್ಲಿ, ಅಂದರೆ ಒಂದೇ ಪೂಲ್‌ನಲ್ಲಿ ಸೇರದಂತೆ ಹಂಚುವುದಕ್ಕೂ, ಕೆಲವು ವಿಭಾಗಗಳ ಪ್ರವೇಶವನ್ನು ನಿರ್ಧರಿಸುವುದಕ್ಕೂ ಈ ದರ್ಜೆ ಬಳಕೆಯಾಗುತ್ತದೆ. ಆಟಗಾರನ ಇಂದಿನ ಸಾಮರ್ಥ್ಯವನ್ನು ಅದು ಅಳೆಯುವುದಿಲ್ಲ. ಅಕ್ಷರಕ್ಕಾಗಿಯೇ ಮಕ್ಕಳನ್ನು ಸುಲಭದ ಪಂದ್ಯಾವಳಿಗಳಿಗೆ ಅಲೆದಾಡಿಸುವ ಹೆತ್ತವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಐದು ಅಂಕಗಳ ಪೂಲ್ ಪಂದ್ಯಗಳಲ್ಲಿ ನಿಮ್ಮ ಅಕ್ಕನ ಮಗ ಹೊಡೆದ ಅಂಕಗಳೆಷ್ಟು, ಬಿಟ್ಟುಕೊಟ್ಟ ಅಂಕಗಳೆಷ್ಟು ಎಂಬ ವ್ಯತ್ಯಾಸವನ್ನು ತಿಂಗಳಿಂದ ತಿಂಗಳಿಗೆ ಹೋಲಿಸಿದರೆ ಅವನ ನಿಜವಾದ ಏರಿಳಿತ ಕಾಣುತ್ತದೆ.

ಗಂಗಾವತಿ: ಶುಲ್ಕ ಕಟ್ಟಿದರೆ ಮಗನಿಗೆ ‘ಬಿ’ ರೇಟಿಂಗ್ ಪ್ರಮಾಣಪತ್ರ ಕೊಡುವುದಾಗಿ ತರಬೇತುದಾರರೊಬ್ಬರು ಹೇಳುತ್ತಿದ್ದಾರೆ.

ಉತ್ತರ: ಒಂದು ರೂಪಾಯಿಯನ್ನೂ ಕೊಡಬೇಡಿ. ಅಮೆರಿಕದ ಫೆನ್ಸಿಂಗ್ ಸಂಸ್ಥೆಯ ಮಾನ್ಯತೆ ಪಡೆದ ಪಂದ್ಯಾವಳಿಯ ಫಲಿತಾಂಶದಿಂದಲ್ಲದೆ ಬೇರೆ ದಾರಿಯಲ್ಲಿ ಈ ದರ್ಜೆ ಬರುವುದಿಲ್ಲ. ಮಕ್ಕಳ ಆಸೆಯನ್ನು ಹೀಗೆ ಮಾರಾಟಕ್ಕಿಡುವವರ ಕೈಗೆ ಮಗನ ತರಬೇತಿಯನ್ನೂ ಒಪ್ಪಿಸಬಾರದು.

ರಾಯಚೂರು: ಭಾರತದ ಫೆನ್ಸಿಂಗ್ ಆಟಗಾರ್ತಿ ಭವಾನಿ ದೇವಿಯವರು ಟೋಕಿಯೊ ಒಲಿಂಪಿಕ್ಸ್‌ಗೆ ಆಯ್ಕೆಯಾದದ್ದು ಇದೇ ರೇಟಿಂಗ್‌ನಿಂದಲೇ?

ಉತ್ತರ: ಅಲ್ಲ, ಅಂತರರಾಷ್ಟ್ರೀಯ ಫೆನ್ಸಿಂಗ್ ಒಕ್ಕೂಟದ ರ‍್ಯಾಂಕಿಂಗ್‌ನಿಂದ. ಅದರಲ್ಲಿ ವಿಶ್ವಕಪ್ ಗೆದ್ದವರಿಗೆ 32 ಅಂಕಗಳು, ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅದರ ಎರಡೂವರೆ ಪಟ್ಟು.

ಸಿಂಧನೂರು: ಫಾಯಿಲ್‌ನಲ್ಲಿ ಪಡೆದ ದರ್ಜೆ ಸೇಬರ್‌ಗೂ ಸಲ್ಲುತ್ತದೆಯೇ?

ಉತ್ತರ: ಇಲ್ಲ, ಪ್ರತಿ ಆಯುಧಕ್ಕೂ ಬೇರೆಯಾಗಿಯೇ ಗಳಿಸಬೇಕು.