ಕೇಳಿ, ಹೇಳ್ತೀನಿ: ಬಿಚ್ಚದೆ ವಾಪಸ್ ಬಂದ ಬಂಡಲ್‌ಗಳು

(ರಾಯಚೂರಿನಲ್ಲಿ ಬಹಳ ಕಾಲ ಪತ್ರಿಕೆ ಏಜೆನ್ಸಿ ನಡೆಸಿದ ನಮ್ಮ ಅಂಕಣಕಾರರು ಹಳೇ ಪುಸ್ತಕ, ಪತ್ರಿಕೆಗಳ ಬಗ್ಗೆ ಓದುಗರು ಕೇಳಿದ್ದಕ್ಕೆ ಇಲ್ಲಿ ಉತ್ತರಿಸುತ್ತಾರೆ.)

ಪ್ರಶ್ನೆ: ಅಮೆರಿಕದಿಂದ ಬಂದ ಅಳಿಯ ಒಂದು ದಪ್ಪ ಕಾಮಿಕ್ಸ್ ತಂದುಕೊಟ್ಟರು. ಪೂರ್ತಿ ದೆವ್ವದ ಕಥೆಗಳು. ಮುಖಪುಟದಲ್ಲಿ ದುಂಡನೆಯ ಮುದ್ರೆ, ಒಳಗೆ ಇ.ಸಿ. ಅಂತ ಇದೆ. ಈ ಕಂಪನಿಯನ್ನು ಸರ್ಕಾರವೇ ಮುಚ್ಚಿಸಿತಂತೆ, ಹೌದೇ?
– ಗಂಗಾವತಿಯ ಓದುಗರು

ಉತ್ತರ: ಸರ್ಕಾರ ಮುಚ್ಚಿಸಲಿಲ್ಲ ಸರ್. ಪುಸ್ತಕ ಹಂಚುವವರು ಮುಚ್ಚಿಸಿದರು. ಎಲ್ಲರೂ ಸೆನೆಟ್ (ಅಮೆರಿಕದ ಸಂಸತ್ತಿನ ಮೇಲ್ಮನೆ) ವಿಚಾರಣೆಯ ಕಥೆಯನ್ನೇ ಹೇಳುತ್ತಾರೆ, ಅದರಲ್ಲಿ ನಾಟಕ ಜಾಸ್ತಿ ಅಲ್ವಾ. ನಾನು ಏಜೆಂಟ್. ನನ್ನ ಕಣ್ಣು ಹೋಗೋದು ಬಂಡಲ್ ಕಡೆಗೆ.

ಮ್ಯಾಕ್ಸ್ ಗೇನ್ಸ್ ಅನ್ನುವವರು 1933ರ ಸುಮಾರಿಗೆ, ಅಮೆರಿಕದಲ್ಲಿ ಕಾಮಿಕ್ ಪುಸ್ತಕ ಹುಟ್ಟುವಾಗಲೇ ಈ ಧಂದೆಗೆ ಇಳಿದವರು. ವಂಡರ್ ವುಮನ್ ಪ್ರಕಟಿಸಿದ ಕಂಪನಿಯಲ್ಲಿ ಪಾಲುದಾರರಾಗಿದ್ದರು. 1940ರ ದಶಕದ ನಡುವೆ ಆ ಪಾಲು ಮಾರಿದರು. ಬೈಬಲ್ ಕಥೆಗಳ ಚಿತ್ರಪುಸ್ತಕ ಉಳಿಸಿಕೊಂಡು ಎಜುಕೇಷನಲ್ ಕಾಮಿಕ್ಸ್ ಶುರು ಮಾಡಿದರು. ಒಳ್ಳೇ ಉದ್ದೇಶ ಇತ್ತು, ಲಾಭ ಇರಲಿಲ್ಲ. 1947ರಲ್ಲಿ ಲೇಕ್ ಪ್ಲಾಸಿಡ್‌ನಲ್ಲಿ ದೋಣಿ ಅಪಘಾತವಾಗಿ ತೀರಿಕೊಂಡರು. ಮಗ ವಿಲಿಯಂಗೆ ಆಗ 25 ವರ್ಷ. ಕೆಮಿಸ್ಟ್ರಿ ಮಾಸ್ತರ್ ಆಗಬೇಕೆಂದು ಓದುತ್ತಿದ್ದ ಹುಡುಗನ ತಲೆಗೆ ನಷ್ಟದ ಕಂಪನಿ ಬಿತ್ತು. ಕೆಲವು ದಿನಕ್ಕೆ 'ಎಜುಕೇಷನಲ್' ಹೋಗಿ 'ಎಂಟರ್‌ಟೈನಿಂಗ್' ಆಯಿತು. ಇ.ಸಿ. ಹಾಗೇ ಉಳಿಯಿತು.

1948ರಲ್ಲಿ ಆಲ್ ಫೆಲ್ಡ್‌ಸ್ಟೈನ್ ಬಂದು ಸೇರಿದರು. 1950ರಲ್ಲಿ ಇಬ್ಬರೂ ಕೂಡಿ ಭಯದ ಕಥೆ, ವೈಜ್ಞಾನಿಕ ಕಥೆಗಳ ಸಾಲನ್ನೇ ತೆರೆದರು. 'ಟೇಲ್ಸ್ ಫ್ರಮ್ ದ ಕ್ರಿಪ್ಟ್' ಆಗಿನದು. ಬೆಲೆ 10 ಸೆಂಟ್. ಆಗ ಕಾಮಿಕ್ಸ್ ಬರೆಯುವ ಚಿತ್ರಕಾರರ ಹೆಸರು ಎಷ್ಟೋ ಕಡೆ ಹೊರಗೆ ಬರುತ್ತಲೇ ಇರಲಿಲ್ಲ. ಇಲ್ಲಿ ವಾಲಿ ವುಡ್, ಜಾಕ್ ಡೇವಿಸ್, ಗ್ರಹಾಂ ಇಂಗಲ್ಸ್ ತಮ್ಮ ಚಿತ್ರಕ್ಕೆ ಸಹಿ ಹಾಕುತ್ತಿದ್ದರು. ಅವರ ಪರಿಚಯವನ್ನೂ ಅಚ್ಚು ಹಾಕುತ್ತಿದ್ದರು. ಹಾರ್ವೆ ಕರ್ಟ್ಜ್‌ಮನ್ ಕೊರಿಯಾ ಯುದ್ಧದ ಹೊತ್ತಿನಲ್ಲೇ ಯುದ್ಧದ ಕಾಮಿಕ್ಸ್ ತಂದರು, ಆದರೆ ಅದರಲ್ಲಿ ಜೈಕಾರ ಇಲ್ಲ, ಹೆಣಗಳಿವೆ. ನನ್ನ ಲೆಕ್ಕದಲ್ಲಿ ದೆವ್ವದ ಕಥೆಗಿಂತ ಇವೇ ಮೇಲು.

ಇನ್ನು ಆ ವಿಚಾರಣೆ. 1954ರ ಏಪ್ರಿಲ್ 21, ನ್ಯೂಯಾರ್ಕ್. ಮಕ್ಕಳು ಕಾಮಿಕ್ಸ್ ಓದಿ ಕೆಡುತ್ತಿದ್ದಾರೆ ಅನ್ನುವ ದೂರು. ವಿಲಿಯಂ ಗೇನ್ಸ್ ತಾವಾಗಿಯೇ ಸಾಕ್ಷಿ ಹೇಳಲು ಹೋದರು. ಸೆನೆಟರ್ ಕೆಫಾವರ್ ಒಂದು ಮುಖಪುಟ ಎತ್ತಿ ಹಿಡಿದರು. ಒಂದು ಕೈಯಲ್ಲಿ ಕೊಡಲಿ, ಇನ್ನೊಂದರಲ್ಲಿ ಹೆಂಗಸಿನ ರುಂಡ. ಇದು ಒಳ್ಳೇ ಅಭಿರುಚಿಯೇ ಅಂತ ಕೇಳಿದರು. ಭಯದ ಕಾಮಿಕ್ಸಿಗೆ ಹೌದು ಅಂದುಬಿಟ್ಟರು ಗೇನ್ಸ್. ರುಂಡವನ್ನು ಇನ್ನೂ ಮೇಲೆ ಹಿಡಿದು ರಕ್ತ ತೊಟ್ಟಿಕ್ಕುವುದು ಕಂಡಿದ್ದರೆ ಆಗ ಕೆಟ್ಟದ್ದು ಅಂತ ವಿವರಣೆ ಬೇರೆ! ಮರುದಿನ ನ್ಯೂಯಾರ್ಕ್ ಟೈಮ್ಸ್ ಮುಖಪುಟದಲ್ಲೇ ಸುದ್ದಿ.

ಇಷ್ಟಾದರೂ ಅಮೆರಿಕದ ಕೇಂದ್ರ ಸರ್ಕಾರ ಯಾವ ಕಾನೂನೂ ತರಲಿಲ್ಲ. ಹೆದರಿದ ಪ್ರಕಾಶಕರೇ ಸಂಘ ಕಟ್ಟಿ ನಿಯಮ ಬರೆದುಕೊಂಡರು. ಹೆಸರಿನಲ್ಲಿ 'ಹಾರರ್', 'ಟೆರರ್' ಪದ ಬರಕೂಡದು, ಪಾಸಾದ ಪುಸ್ತಕಕ್ಕೆ ಮಾತ್ರ ಮುಖಪುಟದ ಮೇಲೆ ಸಂಘದ ಮುದ್ರೆ. ಗೇನ್ಸ್ ಭಯದ ಪತ್ರಿಕೆಗಳನ್ನು ನಿಲ್ಲಿಸಿ, ವೈದ್ಯರ ಕಥೆ, ಕಡಲ್ಗಳ್ಳರ ಕಥೆ ಅಂತ ಸಾಧುವಾದದ್ದನ್ನೇ ತಂದರು. ಮುದ್ರೆ ಮಾತ್ರ ಬೇಡ ಅಂದರು. ಬಂಡಲ್‌ಗಳು ಬಿಚ್ಚದೆ ವಾಪಸ್ ಬಂದವು.

ಮಾರಾಟವಾಗದೆ ಬರುವ ರಿಟರ್ನ್ ಬೇರೆ, ಬಿಚ್ಚದೆ ಬರುವ ರಿಟರ್ನ್ ಬೇರೆ. ಮೊದಲನೆಯದರಲ್ಲಿ ಓದುಗ ಬೇಡ ಅಂದಿರುತ್ತಾನೆ. ಎರಡನೆಯದರಲ್ಲಿ ಓದುಗನ ತನಕ ಅದು ಹೋಗಿಯೇ ಇರೋದಿಲ್ಲ. ನಮ್ಮಲ್ಲೂ ಒಮ್ಮೆ ಒಂದು ವಾರಪತ್ರಿಕೆ ಬಗ್ಗೆ ಯಾರೋ ಅಂಗಡಿಯವರ ಕಿವಿ ಊದಿದ್ದರು. ತೀನ್ ಕಂದೀಲ್ ಕಡೆಯ ಅಂಗಡಿಗಳಲ್ಲಿ ಕಟ್ಟಿನ ಹುರಿ ಸಹ ಯಾರೂ ಮುಟ್ಟಲಿಲ್ಲ. ನಿಷೇಧದ ಕಾಗದ ಕೇಳಿದರೆ ಯಾರ ಹತ್ತಿರವೂ ಇಲ್ಲ. ಸುಮ್ನೆ ಭಯ. ಗೇನ್ಸ್ ಕೊನೆಗೆ ಸೋತು ಸಂಘ ಸೇರಿದರು. ಆದರೂ ಚೇತರಿಸಲಿಲ್ಲ. 1956ರಲ್ಲಿ ಅವರ ಹಂಚಿಕೆದಾರ ಕಂಪನಿಯೇ ದಿವಾಳಿ ಎದ್ದಿತು.

ಪ್ರಶ್ನೆ: ನಮ್ಮ ಶಾಲೆಯ ಮಕ್ಕಳು ಪಾಠದ ಪುಸ್ತಕದೊಳಗೆ ಕಾಮಿಕ್ಸ್ ಇಟ್ಟು ಓದುತ್ತಾರೆ. ಕೆಡುತ್ತಾರೆ ಅಂತ ತಜ್ಞರು ಹೇಳಿದ್ದಾರಲ್ಲ?
– ಮಾನ್ವಿಯ ಶಿಕ್ಷಕರು

ಉತ್ತರ: ಮಾಸ್ತರೇ, ಆ ತಜ್ಞರು ಫ್ರೆಡ್ರಿಕ್ ವರ್ಥಮ್. ಕಾಮಿಕ್ಸ್ ವಿರುದ್ಧ ಅವರು ಬರೆದ ಪುಸ್ತಕ ಬಂದಿದ್ದೂ 1954ರಲ್ಲೇ. ಕೆಟ್ಟ ಮನುಷ್ಯ ಅಂತ ತಿಳಿಯಬೇಡಿ. 1946ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನ ಒಂದು ಚರ್ಚಿನ ನೆಲಮಾಳಿಗೆಯಲ್ಲಿ ಬಡ ಕಪ್ಪು ಜನರಿಗಾಗಿ ಮನೋವೈದ್ಯ ಕ್ಲಿನಿಕ್ ತೆರೆದವರು. ಫೀಸು 25 ಸೆಂಟ್, ಇಲ್ಲದವರಿಗೆ ಪುಕ್ಕಟೆ. ಆದರೆ ಕಾಮಿಕ್ಸ್ ವಿಷಯದಲ್ಲಿ ಮಕ್ಕಳ ಮಾತನ್ನು ತಮಗೆ ಬೇಕಾದ ಹಾಗೆ ತಿದ್ದಿ ಬರೆದಿದ್ದರು. ಅವರ ಕಾಗದಪತ್ರ ನೋಡಿದ ಕ್ಯಾರಲ್ ಟಿಲ್ಲಿ ಅನ್ನುವ ಅಧ್ಯಾಪಕಿ 2012ರಲ್ಲಿ ಇದನ್ನು ತೋರಿಸಿಕೊಟ್ಟರು.

ಇದರ ಬಾಲ ಇನ್ನೂ ವಿಚಿತ್ರವಾಗಿದೆ. ಇ.ಸಿ.ಯವರ ಒಂದು ಕಥೆಯಲ್ಲಿ ಭೂಮಿಯಿಂದ ಹೋದ ಗಗನಯಾತ್ರಿ ರೋಬೋಗಳ ಲೋಕ ನೋಡುತ್ತಾನೆ. ಅಲ್ಲಿ ಕಿತ್ತಳೆ ರೋಬೋ ಮೇಲು, ನೀಲಿ ರೋಬೋ ಕೀಳು. ನೀಲಿಯವರಿಗೆ ಬೇರೆ ಕೇರಿ. ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ನೀವಿನ್ನೂ ನಮ್ಮ ಒಕ್ಕೂಟಕ್ಕೆ ಸೇರಲು ತಯಾರಾಗಿಲ್ಲ ಅಂತ ಹೇಳಿ ಅವನು ಹೊರಡುತ್ತಾನೆ. ಕೊನೇ ಚಿತ್ರದಲ್ಲಿ ಹೆಲ್ಮೆಟ್ ತೆಗೆದಾಗ, ಅವನು ಕಪ್ಪು ಮನುಷ್ಯ. 1953ರ ಈ ಕಥೆಯನ್ನು ಮತ್ತೆ ಹಾಕಲು ಹೊರಟಾಗ ಸಂಘದ ನಿಯಮ ಜಾರಿ ನೋಡಿಕೊಳ್ಳುತ್ತಿದ್ದ ಚಾರ್ಲ್ಸ್ ಮರ್ಫಿ, ಆ ಮನುಷ್ಯ ಕಪ್ಪಗಿರುವಂತಿಲ್ಲ ಅಂದರು. ಊರಿಗೆಲ್ಲ ಹೇಳ್ತೀವಿ ಅಂತ ಇ.ಸಿ.ಯವರೂ ಬೆದರಿಸಿದರು. ಒಂದು ಗೆರೆಯೂ ಬದಲಾಗದೆ 1956ರ ಮೊದಲ ಸಂಚಿಕೆಯಲ್ಲಿ ಬಂತು. ಅದೇ ಇ.ಸಿ.ಯ ಕೊನೆಯ ಕಾಮಿಕ್ ಪುಸ್ತಕ. ಹಾರ್ಲೆಮ್‌ನ ಮಕ್ಕಳಿಗೆ ಕ್ಲಿನಿಕ್ ತೆರೆದವರ ಚಳವಳಿಯಿಂದ ಹುಟ್ಟಿದ ನಿಯಮ ಇಂಥ ಕೆಲಸಕ್ಕೆ ಬಳಕೆಯಾಯಿತು ನೋಡಿ.

ನಿಮ್ಮ ಮಕ್ಕಳ ಪುಸ್ತಕ ಕಸಿದುಕೊಳ್ಳುವ ಮುಂಚೆ ನೀವೊಮ್ಮೆ ಓದಿ. ರುಂಡ ಹಿಡಿದ ಮುಖಪುಟವನ್ನು ನಾನೂ ಮೂರನೇ ಕ್ಲಾಸಿನ ಹುಡುಗನ ಕೈಗೆ ಕೊಡೋದಿಲ್ಲ. ಉಳಿದದ್ದು ಓದಲಿ ಬಿಡಿ.

ಪ್ರಶ್ನೆ: 'ಮ್ಯಾಡ್' ಪತ್ರಿಕೆಯೂ ಇವರದೇ?
– ಬಳ್ಳಾರಿಯ ಕಾಲೇಜು ವಿದ್ಯಾರ್ಥಿ

ಉತ್ತರ: ಹೌದು ತಮ್ಮಾ. 1952ರಲ್ಲಿ ಕರ್ಟ್ಜ್‌ಮನ್ ಶುರು ಮಾಡಿದ ಹಾಸ್ಯದ ಕಾಮಿಕ್ಸ್ ಅದು. 1955ರಲ್ಲಿ ದೊಡ್ಡ ಆಕಾರದ ಮ್ಯಾಗಜಿನ್ ಆಯಿತು, ಹಾಗಾಗಿ ಕಾಮಿಕ್ಸ್ ನಿಯಮ ತಾಕಲಿಲ್ಲ. ಕರ್ಟ್ಜ್‌ಮನ್‌ರನ್ನು ಉಳಿಸಿಕೊಳ್ಳಲೆಂದೇ ಗೇನ್ಸ್ ಹಾಗೆ ಮಾಡಿದ್ದು, ಆದರೂ ಅವರು ಮರುವರ್ಷ ಬಿಟ್ಟರು. 1970ರ ದಶಕದಲ್ಲಿ ಅದರ ಮಾರಾಟ 20 ಲಕ್ಷ ದಾಟಿತ್ತು, ಅದೂ ಜಾಹೀರಾತಿಲ್ಲದೆ! ನನ್ನಂಥವರಿಗೆ ಇಷ್ಟವಾಗುವ ಕಥೆ ಒಂದಿದೆ. ಹೈಟಿ ದೇಶದಲ್ಲಿ ಇದ್ದ ಒಬ್ಬನೇ ಚಂದಾದಾರ ಚಂದಾ ಕಟ್ಟೋದು ಬಿಟ್ಟ. 1960ರಲ್ಲಿ ಗೇನ್ಸ್ ತಮ್ಮ ಸಿಬ್ಬಂದಿಯನ್ನೆಲ್ಲ ಕರೆದುಕೊಂಡು ಹೈಟಿಗೇ ಹೋಗಿ ಅವನ ಬಾಗಿಲು ಬಡಿದರು. ಚಂದಾ ಬಾಕಿ ಕೇಳಲು ನಾನು ದೇವದುರ್ಗದ ತನಕ ಹೋಗಿದ್ದೇ ಹೆಚ್ಚು.

ಪ್ರಶ್ನೆ: ನನ್ನ ಹತ್ತಿರ ಫ್ಯಾಂಟಮ್‌ನ ಹಳೇ ಇಂದ್ರಜಾಲ ಕಾಮಿಕ್ಸ್ ಇವೆ. ಇವೂ ಇದೇ ಕಂಪನಿಯವೇ? ಹಾಳಾಗದಂತೆ ಇಡುವುದು ಹೇಗೆ?
– ಕುಷ್ಟಗಿಯ ಓದುಗರು

ಉತ್ತರ: ಅಲ್ಲ. ಫ್ಯಾಂಟಮ್ ಕಿಂಗ್ ಫೀಚರ್ಸ್ ಅನ್ನುವ ಸಂಸ್ಥೆಯದು. ಇಂದ್ರಜಾಲವನ್ನು 1964ರಲ್ಲಿ ಟೈಮ್ಸ್ ಆಫ್ ಇಂಡಿಯಾದವರು ಶುರು ಮಾಡಿದ್ದು. ಗೇನ್ಸ್ ತಮ್ಮ ಪ್ರತಿ ಸಂಚಿಕೆಯ ಒಂದು ಡಜನ್‌ನಷ್ಟು ಪ್ರತಿ ಕಟ್ಟಿ ಇಟ್ಟಿದ್ದರು, ದಶಕಗಳ ನಂತರ ಅವು ಹೊಸದರಂತೆ ಹೊರಬಂದವು. ನೀವೂ ಬಿಸಿಲು, ತೇವ ತಾಕದ ಕಡೆ ಮಲಗಿಸಿ ಇಡಿ. ಪಿನ್ ತುಕ್ಕು ಹಿಡಿದಿದ್ದರೆ ಮೆಲ್ಲಗೆ ತೆಗೆದು ಹತ್ತಿ ದಾರದಿಂದ ಹೊಲಿಯಿರಿ. ಸೆಲ್ಲೋ ಟೇಪ್ ಮಾತ್ರ ಹಚ್ಚಬೇಡಿ.