ತೇರುಬೀದಿಗೆ ಗ್ರಾನೈಟಾ, ಪೇವರ್ ಬ್ಲಾಕಾ? ಮೊದಲು ಹೊಸ್ತಿಲ ಎತ್ತರ ಅಳೆಯಿರಿ

ನಿಮ್ಮೂರಿನ ತೇರುಬೀದಿಯನ್ನು ಹೊಸದಾಗಿ ಮಾಡುವ ಸಮಿತಿಗೆ ನಿಮ್ಮನ್ನು ಹಾಕಿದ್ದಾರೆ, ಏನೇನು ಮಾಡಿಸೋದು ಅಂತ ಕೇಳಿದ್ದೀರಿ: ಗ್ರಾನೈಟಾ ಪೇವರ್ ಬ್ಲಾಕಾ, ಯಾವ ಥರದ ದೀಪ, ತಳ್ಳುಗಾಡಿಗಳನ್ನು ಎಲ್ಲಿಗೆ ಕಳಿಸೋದು, ಅಂಗಡಿಗಳಿಗೆಲ್ಲ ಒಂದೇ ಬಣ್ಣ ಹೊಡೆಸೋದಾ. ನಿಮ್ಮ ಪ್ರಶ್ನೆ ಓದುವಾಗ 2017ರಲ್ಲಿ ಇದನ್ನು ನಾನೇ ಬರೆದಿದ್ದೆನೇನೋ ಅನ್ನಿಸಿತು. ನಿಮ್ಮ ಹಾಗೇ ನನ್ನನ್ನೂ ಸಮಿತಿಗೆ ಹಾಕಿದ್ದರು, ಬೀದಿಯ ವರ್ತಕರ ಸಂಘದ ಕಾರ್ಯದರ್ಶಿ ಅಂತ. ಊರಿನ ಹೆಸರು ಬೇಡ, ಹೇಳಿದರೆ ಅಲ್ಲಿನ ಅರ್ಧ ಜನಕ್ಕೆ ನಾನು ಯಾರು ಅಂತ ಗೊತ್ತಾಗುತ್ತೆ. ಹಳೇ ಮೈಸೂರು ಸೀಮೆಯ ಊರು, ನಡುವೆ ದೇವಸ್ಥಾನ, ಸುತ್ತ ನಾಲ್ಕು ತೇರುಬೀದಿ. ಅದರಲ್ಲಿ ಒಂದರಲ್ಲಿ ನಮ್ಮ ಅಜ್ಜ ಶುರು ಮಾಡಿದ ಗ್ರಂಧಿಗೆ ಅಂಗಡಿ. ಅರಿಶಿನ, ಕುಂಕುಮ, ಸಾಂಬ್ರಾಣಿ, ಅಳಲೆಕಾಯಿ, ಮದುವೆ ಮುಂಜಿ ಸಾಮಾನು, ಎಲ್ಲ ಸಿಗುತ್ತಿತ್ತು.

ಕಲ್ಯಾಣಮಂಟಪದಲ್ಲಿ ಪ್ರೊಜೆಕ್ಟರ್ ಹಾಕಿ ಚಿತ್ರ ತೋರಿಸಿದರು. ಏನು ಚೆನ್ನಾಗಿತ್ತು ಅಂತೀರಾ! ಬೂದು ಕಲ್ಲಿನ ಬೀದಿ, ಕಪ್ಪು ಕಬ್ಬಿಣದ ದೀಪದ ಕಂಬ, ಒಂದೇ ಒಂದು ಕರೆಂಟ್ ವೈರ್ ಇಲ್ಲದ ಆಕಾಶ, ಬಲೂನ್ ಹಿಡಿದ ಮಗು. ನಾವು ಎರಡು ಗಂಟೆ ಹೊತ್ತು ದೀಪದ ಬಗ್ಗೆ ಜಗಳ ಆಡಿದೆವು. ಒಬ್ಬರಿಗೆ ಗುಂಡು ಬಲ್ಬು ಬೇಕು, ಇನ್ನೊಬ್ಬರಿಗೆ ಲಾಟೀನು ಥರದ್ದು. ಕೊನೆಗೆ ಲಾಟೀನು ಗೆದ್ದಿತು. ನಾನೂ ಲಾಟೀನಿನ ಪಾರ್ಟಿ.

ಆಮೇಲೆ ಒಂದು ಕಟ್ಟು ಡ್ರಾಯಿಂಗ್ ಕೊಟ್ಟು ಒಪ್ಪಿಗೆಗೆ ಸಹಿ ಕೇಳಿದರು. ಅದರಲ್ಲಿ ಒಂದು ಹಾಳೆಯಲ್ಲಿ ಬೀದಿಯನ್ನು ಕೇಕ್ ಕತ್ತರಿಸಿದ ಹಾಗೆ ಅಡ್ಡಕ್ಕೆ ಸೀಳಿ ತೋರಿಸಿದ್ದರು. ಅಲ್ಲಿ ಸಣ್ಣ ಅಕ್ಷರದಲ್ಲಿ ‘ಎಫ್‌ಆರ್‌ಎಲ್ +200’ ಅಂತ ಇತ್ತು. ನಾನು ನೋಡಿದೆ. ನೋಡಲಿಲ್ಲ ಅಂತ ಸುಳ್ಳು ಹೇಳುವುದಿಲ್ಲ, ಕಣ್ಣಾರೆ ನೋಡಿದೆ. ಏನೋ ಇಂಜಿನಿಯರ್ ಲೆಕ್ಕ ಅಂದುಕೊಂಡು ಹಾಳೆ ತಿರುವಿ ಸಹಿ ಹಾಕಿದೆ.

ಇದನ್ನು ಸ್ವಲ್ಪ ಬಿಡಿಸಿ ಹೇಳ್ತೀನಿ, ಬೇಜಾರಾದರೂ ಓದಿ, ಯಾಕೆಂದರೆ ನಿಮ್ಮ ಕೈಗೂ ಅಂಥದ್ದೇ ಒಂದು ಹಾಳೆ ಬರುತ್ತೆ. ಎಫ್‌ಆರ್‌ಎಲ್ ಅಂದರೆ ಫಿನಿಶ್ಡ್ ರೋಡ್ ಲೆವೆಲ್. ಕೆಲಸ ಮುಗಿದ ಮೇಲೆ ರಸ್ತೆಯ ಮೈ ಎಷ್ಟು ಎತ್ತರಕ್ಕೆ ಬರುತ್ತೆ ಅನ್ನುವ ಲೆಕ್ಕ. ಪ್ಲಸ್ 200 ಅಂದರೆ ಈಗಿರುವುದಕ್ಕಿಂತ 200 ಮಿಲಿಮೀಟರ್ ಮೇಲೆ. ಎಂಟು ಇಂಚು. ಎಲ್ಲಿಂದ ಬಂತು ಈ ಎಂಟು ಇಂಚು? ಹಳೇ ಟಾರು ಹಾಗೇ ಬಿಟ್ಟು, ಅದರ ಮೇಲೆ 100 ಮಿಲಿ ಕಾಂಕ್ರೀಟು, ಅದರ ಮೇಲೆ 25 ಮಿಲಿ ಗಾರೆ, ಅದರ ಮೇಲೆ 75 ಮಿಲಿ ದಪ್ಪದ ಕಲ್ಲು. ಕೂಡಿಸಿ ನೋಡಿ, ಸರಿಯಾಗಿ 200. ಹಳೇ ಟಾರನ್ನು ಕಿತ್ತು, ಅಷ್ಟೇ ಆಳ ಅಗೆದು, ಆಮೇಲೆ ಹಾಸಿದ್ದರೆ ರಸ್ತೆ ಒಂದಿಂಚೂ ಏರುತ್ತಿರಲಿಲ್ಲ. ಆದರೆ ಹಳೇ ಪೇಟೆಯಲ್ಲಿ ಅಗೆಯುವುದಕ್ಕೆ ಎಲ್ಲರಿಗೂ ಭಯ. ಕೆಳಗೆ ಎಲ್ಲಿ ನೀರಿನ ಪೈಪಿದೆ, ಎಲ್ಲಿ ಕೇಬಲ್ಲಿದೆ, ಎಲ್ಲಿ ಅಜ್ಜನ ಕಾಲದ ಕಲ್ಲಿನ ಚರಂಡಿ ಇದೆ, ಒಬ್ಬರ ಹತ್ತಿರವೂ ನಕ್ಷೆ ಇರುವುದಿಲ್ಲ. ಹಾರೆ ಹಾಕಿದರೆ ಇಡೀ ಬೀದಿಗೆ ನೀರು ಬಂದ್. ಅದಕ್ಕೇ ಮೇಲೆಯೇ ಹಾಸಿ ಕೈತೊಳೆದುಕೊಳ್ಳುತ್ತಾರೆ.

ಅಜ್ಜ ಅಂಗಡಿ ಕಟ್ಟಿಸಿದಾಗ ಬೀದಿಯಿಂದ ಮೂರು ಮೆಟ್ಟಿಲು ಹತ್ತಿ ಒಳಗೆ ಬರಬೇಕಿತ್ತಂತೆ. ಟಾರಿನ ಮೇಲೆ ಟಾರು ಬಿದ್ದು ಬಿದ್ದು ನನ್ನ ಕಾಲಕ್ಕೆ ಒಂದೂವರೆ ಉಳಿದಿತ್ತು. ಅಂದರೆ ಹತ್ತು ಇಂಚು. ಅದರಲ್ಲಿ ಎಂಟು ಹೋಯಿತು. ಉಳಿದದ್ದು ಎರಡು ಬೆರಳು ಎತ್ತರದ ಹೊಸ್ತಿಲು.

ಕಲ್ಲು ಹಾಸಲು ಬಂದ ದಿನವೇ ನನಗೆ ಅನುಮಾನ ಬಂತು. ದಾರ ಕಟ್ಟಿದ್ದರು, ಆ ದಾರ ನಮ್ಮ ಕೆಳಗಿನ ಮೆಟ್ಟಿಲಿಗಿಂತ ಮೇಲಿತ್ತು. ಸೈಟ್ ಇಂಜಿನಿಯರ್ ಹುಡುಗನನ್ನು ಕರೆದು ಇದೇನಪ್ಪಾ ಅಂದೆ. ಪಾಪ, ಒಳ್ಳೇ ಹುಡುಗ. “ಡ್ರಾಯಿಂಗ್‌ನಲ್ಲೇ ಇದೆಯಲ್ಲಾ ಸಾರ್, ನೀವೇ ಸಹಿ ಹಾಕಿದ್ದೀರಲ್ಲಾ” ಅಂತ ಹಾಳೆ ತೆಗೆದು ತೋರಿಸಿದ. ನನ್ನದೇ ಸಹಿ, ಸಂಘದ ಸೀಲಿನ ಸಮೇತ. ಅಪ್ಪ ಗಲ್ಲಾದಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದರು. ಒಂದು ಮಾತೂ ಆಡಲಿಲ್ಲ. ಬೈದಿದ್ದರೇ ವಾಸಿ ಇತ್ತು.

ಮೇ ತಿಂಗಳ ಮೊದಲ ದೊಡ್ಡ ಮಳೆ. ಹಿಂದೆ ಅಂಗಡಿಗೂ ರಸ್ತೆಗೂ ನಡುವೆ ಕಲ್ಲು ಚಪ್ಪಡಿ ಮುಚ್ಚಿದ ಚರಂಡಿ ಇತ್ತು, ಚಪ್ಪಡಿಗಳ ಸಂದಿ ನಾಲ್ಕು ಬೆರಳಗಲ, ಎಂಥ ಮಳೆ ಬಂದರೂ ಗಟಗಟ ಅಂತ ಕುಡಿಯುತ್ತಿತ್ತು. ಹೊಸ ಚರಂಡಿ ನೀಟಾಗಿ ಮುಚ್ಚಿದ್ದರು, ಅಲ್ಲೊಂದು ಇಲ್ಲೊಂದು ಜಾಲರಿ. ದೇವಸ್ಥಾನದ ಬೀದಿ ಅಂದಮೇಲೆ ಹೂವು, ತುಳಸಿ, ಬಾಳೆಲೆ ಬೀಳದೇ ಇರುತ್ತಾ? ಹತ್ತು ನಿಮಿಷಕ್ಕೆ ಜಾಲರಿ ಕಟ್ಟಿಕೊಂಡಿತು. ರಸ್ತೆ ನಡುವೆ ಎತ್ತರ, ಎರಡೂ ಬದಿಗೆ ಇಳಿಜಾರು. ನೀರು ಎಲ್ಲಿಗೆ ಹೋಗಬೇಕು? ನೇರ ಅಂಗಡಿಯೊಳಗೆ. ನೆಲದ ಮೇಲಿದ್ದ ನಾಲ್ಕು ಮೂಟೆ ಅರಿಶಿನದ ಕೊಂಬು, ಹತ್ತಿಯ ಬಂಡಲು, ಕುಂಕುಮದ ಡಬ್ಬಗಳ ಕೆಳಗಿನ ಸಾಲು, ಎಲ್ಲ ನೆಂದು ಮುದ್ದೆಯಾಯಿತು. ನೀರಿಳಿದ ಮೇಲೆ ಗೋಡೆ ಮೇಲೆ ಅಂಗೈ ಎತ್ತರದಲ್ಲಿ ಒಂದು ಹಳದಿ ಗೆರೆ. ಸ್ಕೇಲ್ ಹಿಡಿದು ಎಳೆದ ಹಾಗೆ, ಅಷ್ಟು ನೇರ. ಎರಡು ಸಲ ಸುಣ್ಣ ಹೊಡೆದರೂ ಅದು ಇಣುಕಿತು.

ಆಮೇಲೆ ಅಪ್ಪ ಗೋಡೆಗೆ ಮೂರಡಿ ಎತ್ತರಕ್ಕೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದರು. ಅದೂ ತಪ್ಪು, ಆಗ ನಮಗೆ ಗೊತ್ತಿರಲಿಲ್ಲ. ಅದು ಇಟ್ಟಿಗೆ ಮತ್ತು ಸುಣ್ಣದ ಗಾರೆಯ ಗೋಡೆ. ಇಂಥ ಗೋಡೆ ತೇವ ಕುಡಿಯುತ್ತೆ, ಮೈಯಿಂದ ಹೊರಗೂ ಬಿಡುತ್ತೆ. ಸಿಮೆಂಟು ಬಾಯಿ ಮುಚ್ಚಿದರೆ ತೇವ ಮೇಲಕ್ಕೆ ದಾರಿ ಹುಡುಕುತ್ತೆ. ಒಂದು ವರ್ಷದಲ್ಲಿ ಐದಡಿ ಎತ್ತರದಲ್ಲಿ ಬಿಳಿ ಉಪ್ಪು ಹೂ ಬಿಟ್ಟ ಹಾಗೆ ಉಕ್ಕಿ, ಸುಣ್ಣ ಹಪ್ಪಳದ ಥರ ಎದ್ದು ಉದುರತೊಡಗಿತು, ತೊಲೆಯ ತುದಿ ಮೆತ್ತಗಾಯಿತು. 2020ರ ಹೊತ್ತಿಗೆ ಅಂಗಡಿ ಮುಚ್ಚಿದೆವು. ಪೂರ್ತಿ ಎಂಟು ಇಂಚಿನಿಂದಲೇ ಅಂತ ಹೇಳಲಾರೆ, ಕೊರೊನಾನೂ ಬಂತು, ಆನ್‌ಲೈನ್‌ನಲ್ಲಿ ಪೂಜಾ ಸಾಮಾನೂ ಬಂತು. ಆದರೆ ಶುರುವಾದದ್ದು ಆ ಹಾಳೆಯಿಂದ.

ಈಗ ನಿಮ್ಮ ಪ್ರಶ್ನೆಗೆ. ಗ್ರಾನೈಟಾ ಪೇವರಾ ಅನ್ನುವುದು ಪ್ರಶ್ನೆಯೇ ಅಲ್ಲ, ಕ್ಷಮಿಸಿ. ಏನು ಬೇಕಾದರೂ ಹಾಸಲಿ, ಎಷ್ಟು ಅಗೆದು ಹಾಸುತ್ತಾರೆ ಅಂತ ಕೇಳಿ. ಬೀದಿಯ ಪ್ರತಿ ಮನೆ, ಅಂಗಡಿಯ ಹೊಸ್ತಿಲಿನ ಲೆವೆಲ್ ತೆಗೆಸಿ. ಅದರಲ್ಲಿ ಅತಿ ತಗ್ಗಿನ ಹೊಸ್ತಿಲನ್ನು ಹಿಡಿದು, ಅದಕ್ಕಿಂತ ಕನಿಷ್ಠ ಒಂದು ಮೆಟ್ಟಿಲು ಕೆಳಗೆ ರಸ್ತೆ ನಿಲ್ಲಬೇಕು ಅಂತ ಬರೆಸಿಕೊಳ್ಳಿ. ಬಾಯಿಮಾತು ಬೇಡ, ಡ್ರಾಯಿಂಗ್‌ನಲ್ಲೇ ಇರಬೇಕು. ಕೆಲಸಕ್ಕೆ ಮುಂಚೆ ನಾಲ್ಕೈದು ಕಡೆ ಗುಂಡಿ ತೆಗೆದು ಕೆಳಗೆ ಏನಿದೆ ನೋಡಲಿ. ಬೆಂಗಳೂರಿನಲ್ಲಿ ಟೆಂಡರ್‌ಶ್ಯೂರ್ ಅನ್ನುವ ಯೋಜನೆಯಲ್ಲಿ ಹೊಸದಾಗಿ ಮಾಡಿದ ರಸ್ತೆಗಳಲ್ಲಿ ಜನ ಅಗಲ ಫುಟ್‌ಪಾತ್ ನೋಡಿ ಭೇಷ್ ಅಂದರು, ಆದರೆ ಅಲ್ಲಿನ ನಿಜವಾದ ಕೆಲಸ ಆ ಫುಟ್‌ಪಾತ್ ಕೆಳಗಿದೆ. ಪೈಪು, ಕೇಬಲ್ಲು, ಮಳೆನೀರು, ಎಲ್ಲಕ್ಕೂ ಬೇರೆ ಬೇರೆ ಡಕ್ಟು, ಅಂದರೆ ನೆಲದೊಳಗಿನ ದಾರಿ. ನಾಳೆ ಯಾರೋ ಬಂದು ಅಗೆಯಬಾರದು ಅನ್ನುವ ಲೆಕ್ಕ ಅದು. ಅದೇ ಬೆಂಗಳೂರಲ್ಲಿ 2018ರಲ್ಲಿ ಹೊಸದಾಗಿ ತೆರೆದ ಚರ್ಚ್ ಸ್ಟ್ರೀಟ್‌ನಲ್ಲಿ ಕಲ್ಲು ಹಾಸಿದ್ದೇ ದೊಡ್ಡ ಸುದ್ದಿಯಾಯಿತು, ಕಾರು ಬೈಕು ಓಡಾಡಿ ಅದೇ ಕಲ್ಲು ಆಮೇಲೆ ರಿಪೇರಿಗೂ ಬಂತು.

ಕಲ್ಲೇ ಬೇಕು ಅಂದರೆ ತಿಳಿ ಬೂದು ಬಣ್ಣದ, ಒರಟು ಮೈಯ ಸೈಜುಗಲ್ಲು ಇರಲಿ. ಕಪ್ಪು ಕಲ್ಲು ಬೇಡವೇ ಬೇಡ. ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಪ್ರದಕ್ಷಿಣೆ ಬರುವವರನ್ನು ಒಮ್ಮೆ ನೆನೆಸಿಕೊಳ್ಳಿ. ತಿರುವಿನಲ್ಲಿ ಬೊಲ್ಲಾರ್ಡ್ ಅಂತ ಕಂಬ ನೆಡಲು ಬಂದರೆ ತೇರು ಎಳೆಯುವ ಹಿರಿಯರನ್ನು ಕರೆಸಿ ಗಾಲಿ ಎಲ್ಲಿ ತಿರುಗುತ್ತೆ ಅಂತ ಕೇಳಿ. ನಮ್ಮಲ್ಲಿ ಕೇಳಲಿಲ್ಲ. ರಥೋತ್ಸವದ ಹಿಂದಿನ ರಾತ್ರಿ ಗ್ಯಾಸ್ ಕಟರ್ ತಂದು ಐದು ಕಂಬ ಕತ್ತರಿಸಿದರು. ಬುಡ ಮಾತ್ರ ಉಳಿದು, ಈಗಲೂ ಅದಕ್ಕೆ ಕಾಲು ಎಡವುತ್ತಾರೆ.

ತಳ್ಳುಗಾಡಿಗಳನ್ನು ಎಲ್ಲಿಗೆ ಕಳಿಸೋದು ಅಂತ ಕೇಳಿದ್ದೀರಿ. ಯಾಕೆ ಕಳಿಸಬೇಕು? 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಸರ್ವೇ ಮುಗಿದು ಪ್ರಮಾಣಪತ್ರ ಕೊಡುವ ತನಕ ಯಾರನ್ನೂ ಎಬ್ಬಿಸುವ ಹಾಗಿಲ್ಲ. ಆ ಕಾಯ್ದೆಯಡಿ ಮಾಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ ಕನಿಷ್ಠ 40 ಭಾಗ ಆ ವ್ಯಾಪಾರಿಗಳೇ ಇರಬೇಕು. ನಿಮ್ಮ ಸಮಿತಿಯಲ್ಲಿ ಒಬ್ಬರಾದರೂ ಇದ್ದಾರಾ? ನಮ್ಮಲ್ಲಿ ಇರಲಿಲ್ಲ, ನಮಗೆ ಅದು ಕೊರತೆ ಅಂತ ಅನ್ನಿಸಲೂ ಇಲ್ಲ. ನಮ್ಮ ಅಂಗಡಿಯ ಕೆಳಗಿನ ಮೆಟ್ಟಿಲ ಮೇಲೆ ಒಬ್ಬ ಅಮ್ಮ ಇಪ್ಪತ್ತು ವರ್ಷದಿಂದ ಹೂವು ಕಟ್ಟಿ ಮಾರುತ್ತಿದ್ದರು. ಬಾಡಿಗೆ ಅಂತ ಏನಿಲ್ಲ, ದಿನಾ ಬೆಳಿಗ್ಗೆ ನಮ್ಮ ದೇವರ ಪಟಕ್ಕೆ ಒಂದು ಮೊಳ. ಅವರನ್ನು ಯಾರೂ ಓಡಿಸಲಿಲ್ಲ. ಮೆಟ್ಟಿಲೇ ನೆಲದೊಳಗೆ ಹೋಯಿತಲ್ಲ, ಕೂರುವುದೆಲ್ಲಿ? ಸ್ವಲ್ಪ ದಿನ ರಸ್ತೆ ಮಟ್ಟದಲ್ಲೇ ಗೋಣಿಚೀಲ ಹಾಸಿ ಕೂತರು. ಬೈಕಿನವರು ಬುಟ್ಟಿಗೆ ತಾಗಿಸಿಕೊಂಡೇ ಹೋಗುತ್ತಿದ್ದರು. ಒಂದು ದಿನ ಬರಲಿಲ್ಲ. ಹೂವಿಗೆ ಅಂತ ನಿಂತವರು ಕರ್ಪೂರಕ್ಕೆ ನಮ್ಮ ಅಂಗಡಿ ಹತ್ತುತ್ತಿದ್ದರು ಅನ್ನುವುದು ಆಮೇಲೆ ಗಲ್ಲಾ ನೋಡಿದಾಗ ತಿಳಿಯಿತು.

ಒಂದೇ ಬಣ್ಣದ ವಿಷಯ: ದುಡ್ಡು ಉಳಿದರೆ ಹೊಡೆಸಿ. ಅದಕ್ಕೆ ಮುಂಚೆ ಹಳೇ ಕಟ್ಟಡಗಳ ಸೂರು, ತೊಲೆ, ಬುಡ ನೋಡಿಸಿ. ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು, 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಎರಡೂ ಮೈಸೂರಿನ ನಡುಮಧ್ಯ ಇರುವ, ದಿನಾ ಸಾವಿರಾರು ಜನ ಕಣ್ಣಾರೆ ನೋಡುವ ಕಟ್ಟಡಗಳು.

ಇನ್ನು ಪಾರ್ಕಿಂಗ್ ಬಗ್ಗೆ ವರ್ತಕರು ಗಲಾಟೆ ಮಾಡಿಯೇ ಮಾಡುತ್ತಾರೆ. ನಾನೂ ಮಾಡಿದ್ದೆ. ದೆಹಲಿಯ ಚಾಂದನಿ ಚೌಕದಲ್ಲಿ 2021ರಿಂದ ಬೆಳಿಗ್ಗೆ 9ರಿಂದ ರಾತ್ರಿ 9ರವರೆಗೆ ಮೋಟಾರು ವಾಹನ ಬಿಡುವುದಿಲ್ಲ ಅಂತ ನಿಯಮ ಮಾಡಿದ್ದಾರೆ. ನಿಮ್ಮೂರಿನ ಬೀದಿಗೆ ಅದು ಒಗ್ಗುತ್ತಾ ಅಂತ ಒಂದು ಭಾನುವಾರ ಮಾಡಿ ನೋಡಿ. ಹಗ್ಗ ಕಟ್ಟಿದರೆ ಸಾಕು, ಅದಕ್ಕೆ ಟೆಂಡರ್ ಬೇಡ.

ಮೀಟಿಂಗ್ ಮುಂದಿನ ವಾರ ಅಂದಿರಿ. ಅಷ್ಟರೊಳಗೆ ಒಂದು ಟೇಪು ಹಿಡಿದು, ಬೀದಿಯ ಆ ತುದಿಯಿಂದ ಈ ತುದಿಗೆ ಪ್ರತಿ ಹೊಸ್ತಿಲು ರಸ್ತೆಯಿಂದ ಎಷ್ಟು ಎತ್ತರ ಇದೆ ಅಂತ ಬರೆದುಕೊಂಡು ಬನ್ನಿ, ಫೋಟೋ ಸಮೇತ. ಅರ್ಧ ದಿನದ ಕೆಲಸ. ಡ್ರಾಯಿಂಗ್ ಸಿಕ್ಕರೆ ಆ ಅಡ್ಡ ಸೀಳಿದ ಹಾಳೆಯ ಫೋಟೋ ಇಲ್ಲೇ ಹಾಕಿ, ನನಗೆ ತಿಳಿದಷ್ಟು ನೋಡಿ ಹೇಳ್ತೀನಿ. ದೀಪದ ಚಿತ್ರ ಮಾತ್ರ ಕಳಿಸಬೇಡಿ.